ಬೇಕೆಂದಾಗ ಬಾರದ ಹೆಸರು

ಮರೆವು ಜಾಸ್ತಿಯಾಗಿದೆ ಎಂದು ಹೆದರಿ ಬರುವವರು ನನ್ನ ಮುಂದೆ ಕೂರುವ ಹೊತ್ತಿಗೆ ಸಾಕ್ಷಿಯನ್ನೂ ಸಿದ್ಧ ಮಾಡಿಕೊಂಡಿರುತ್ತಾರೆ. ಪರಿಚಯದವರು ಎದುರು ಸಿಕ್ಕಾಗ ಹೆಸರು ಬರಲಿಲ್ಲ. ಅದೇ ಸಂಜೆ ಬಟ್ಟೆ ಮಡಚುವಾಗ ತಾನಾಗಿ ಬಂತು. "ಬೇಕಾದಾಗ ಬರಲ್ಲ, ಬೇಡದಾಗ ಬರುತ್ತೆ. ಇದು ಕಾಯಿಲೆನೇ ಅಲ್ವಾ?"

ಬಂತಲ್ಲ ಸ್ವಾಮಿ! ಬಂತು ಅಂದರೆ ಒಳಗೆ ಭದ್ರವಾಗಿದೆ ಅಂತ ತಾನೆ? ಇದನ್ನು ಹೇಳಿ ಹೇಳಿ ಬಾಯಿ ನೋಯುತ್ತಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ನೆನಪನ್ನು ಇಟ್ಟುಕೊಳ್ಳುವುದು ಒಂದು ಕೆಲಸ. ಹುಡುಕಿ ತೆಗೆಯುವುದು ಇನ್ನೊಂದು. ಬೇಕೆಂದೇ ನೆನಪಿಸಿಕೊಳ್ಳುವಾಗ ಹಣೆಯ ಹಿಂದಿನ ಮೆದುಳು ದುಡಿಯಬೇಕು. ಎಲ್ಲಿಂದ ಹುಡುಕುವುದು, ಸಿಕ್ಕಿದ್ದು ಸರಿಯೋ ತಪ್ಪೋ ಎಂಬುದೆಲ್ಲ ಅದರ ತಲೆನೋವು. ನಿದ್ದೆಗೆಟ್ಟರೆ, ಗಾಬರಿಯಾದರೆ, ವಯಸ್ಸಾದರೆ ಈ ಹುಡುಕಾಟ ನಿಧಾನವಾಗುತ್ತದೆ. ತಾನಾಗಿ ಬರುವ ನೆನಪಿಗೆ ಇಷ್ಟು ಶ್ರಮ ಬೇಡ. ಒಂದು ವಾಸನೆ, ಒಂದು ದನಿ, ಯಾರೋ ಆಡಿದ ಅರ್ಧ ಮಾತು ಸಾಕು. ಆ ಚೂರನ್ನು ಹಿಡಿದು ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಒಳಭಾಗ ಹಳೆಯ ಘಟನೆಯ ಉಳಿದ ಚೂರುಗಳನ್ನೂ ಎಬ್ಬಿಸುತ್ತದೆ. ಉಗ್ರಾಣ ಒಂದೇ. ಒಮ್ಮೆ ನೀವು ಹುಡುಕಿದಿರಿ, ಇನ್ನೊಮ್ಮೆ ಸಾಮಾನೇ ಕೈಗೆ ತಗುಲಿತು, ಅಷ್ಟೇ.

ಇದು ಹೊಸ ವಿಷಯವೂ ಅಲ್ಲ. ಈ ಎರಡು ಬಗೆಯನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬೇರೆ ಮಾಡಿ ಬರೆದಿದ್ದ. ಡೆನ್ಮಾರ್ಕಿನ ಮನೋವಿಜ್ಞಾನಿ ಡಾರ್ಥೆ ಬರ್ನ್‌ಟ್ಸೆನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ತಾನಾಗಿ ಬರುವ ನೆನಪುಗಳ ಡೈರಿ ಬರೆಸಿದರು. ಮನಸ್ಸು ಯಾವುದರಲ್ಲೂ ಗಟ್ಟಿಯಾಗಿ ನೆಡದೆ ಸುಮ್ನೆ ಅಲೆಯುವಾಗ ಅವು ಹೆಚ್ಚು ಬರುತ್ತಿದ್ದವು. ಬಹುಪಾಲಿಗೆ ಸುತ್ತಮುತ್ತಲೇ ಏನೋ ಒಂದು ಸುಳಿವು ಇರುತ್ತಿತ್ತು. ಅಂದರೆ "ತಾನಾಗಿ" ಬಂದದ್ದೂ ಪೂರ್ತಿ ತಾನಾಗಿ ಬಂದದ್ದಲ್ಲ.

ಇನ್ನು ನಾಲಿಗೆ ತುದಿಯಲ್ಲಿ ನಿಂತ ಪದ. ಮನೋವಿಜ್ಞಾನಿಗಳಾದ ಬ್ರೌನ್ ಮತ್ತು ಮೆಕ್‌ನೀಲ್ ಅವರ 1966ರ ಪ್ರಯೋಗದಲ್ಲಿ, ಪದ ಹೊಳೆಯದವರೂ ಎಷ್ಟೋ ಸಲ ಅದರ ಮೊದಲ ಅಕ್ಷರ ಸರಿಯಾಗಿ ಹೇಳಿದರು. ಒಳಗೆ ಇಲ್ಲದ್ದರ ಮೊದಲ ಅಕ್ಷರ ಹೇಗೆ ಗೊತ್ತಾಗುತ್ತದೆ?

ನಿವೃತ್ತ ಮೇಷ್ಟ್ರೊಬ್ಬರು ನೆನಪಾಗುತ್ತಾರೆ. ಪದಗಳ ಪಟ್ಟಿ ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ. ಒಂದೆರಡು ಬಂದವು, ಆಮೇಲೆ ಮೌನ. ಪಕ್ಕದಲ್ಲಿದ್ದ ಮಗ "ಯೋಚನೆ ಮಾಡಿ ಅಪ್ಪಾ, ಯೋಚನೆ ಮಾಡಿ" ಎಂದು ಬೆನ್ನು ಹತ್ತಿದ. ಅವನನ್ನು ಹೊರಗೆ ಕೂರಿಸಿದೆ. (ಮನೆಯವರೇ, ದಯವಿಟ್ಟು ಹೀಗೆ ಮಾಡಬೇಡಿ. ಒತ್ತಾಯ ಮಾಡಿದಷ್ಟೂ ಅದೇ ತಪ್ಪು ಪದ ಮತ್ತೆ ಮತ್ತೆ ಬಂದು ದಾರಿಗೆ ಅಡ್ಡ ನಿಲ್ಲುತ್ತದೆ.) "ಒಂದು ಉಪಕರಣ ಇತ್ತು" ಎಂದೆ. "ಕತ್ತರಿ!" ಎಂದರು ತಟ್ಟನೆ. ಹೀಗೆ ಸುಳಿವು ಕೊಡುತ್ತಾ ಹೋದಂತೆ ಹೆಚ್ಚುಕಡಿಮೆ ಎಲ್ಲವೂ ಬಂದವು. ಅವರಿಗೆ ನಿದ್ದೆಯ ತೊಂದರೆ ಇತ್ತು. ಮೊದಲು ಅದಕ್ಕೆ ಚಿಕಿತ್ಸೆ ಶುರು ಮಾಡಿದೆವು.

ಒಂದು ಪರೀಕ್ಷೆಯಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ, ಓದುತ್ತಾ ನೀವೇ ಮಾಡಿಕೊಳ್ಳುವ ತಪಾಸಣೆಯಿಂದಂತೂ ಖಂಡಿತ ಇಲ್ಲ. ಹಳೆಯ ಆಘಾತವೊಂದು ಬೇಡವೆಂದರೂ ನುಗ್ಗಿ ಬಂದು ನಿದ್ದೆ ಕೆಡಿಸುತ್ತಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ತಡ ಮಾಡಬೇಡಿ. ನನಗೆ ಚಿಂತೆಯಾಗುವುದು ಸುಳಿವು ಕೊಟ್ಟರೂ ಪದ ಬಾರದಿದ್ದಾಗ, ಬೆಳಗಿನ ಭೇಟಿಯೇ ನಡೆದಿಲ್ಲ ಎನ್ನುವಾಗ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವಾಗ. ಅಂಥವರು ಪುರಾವೆ ಹಿಡಿದು ಬರುವುದು ಅಪರೂಪ. ಸಾಮಾನ್ಯವಾಗಿ ಮನೆಯವರೇ ಒತ್ತಾಯ ಮಾಡಿ ಕರೆತರುತ್ತಾರೆ.