ಮುಷ್ಟಿಯೊಳಗಿನ ಕೀಲಿಕೈ, ಮಿದುಳಿನೊಳಗಿನ ಕೀಲಿ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಸಂಜೆ ಗಿರ್ಮಿಟ್ ತಿನ್ನುತ್ತ ನಿಂತಿದ್ದೆ. ಪಕ್ಕದ ಹುಡುಗನ ಕೈಯಲ್ಲಿದ್ದ ಪ್ಲೇಟು ತಟತಟ ಅಲುಗತೊಡಗಿತು. ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. ನೋಡಿದರೆ ಬಲಗೈ ಹೆಬ್ಬೆರಳೊಂದೇ ಅದುರುತ್ತಿದೆ. ಆಮೇಲೆ ಮುಂಗೈ, ತೋಳು, ಬಾಯಿಯ ಬಲತುದಿ. ಅಷ್ಟರಲ್ಲಿ ಧೊಪ್ಪನೆ ಬಿದ್ದ, ಇಡೀ ಮೈ ಸೆಟೆದು ಜಗ್ಗತೊಡಗಿತು.

"ಏ, ಕೀಲಿಕೈ ಕೊಡ್ರಿ ಯಾರರ! ಕಬ್ಬಿಣದ್ದು!" ಯಾರೋ ಸ್ಕೂಟರಿನ ಕೀಲಿಕೈ ಗೊಂಚಲನ್ನೇ ಅವನ ಮುಷ್ಟಿಗೆ ತುರುಕಿದರು. "ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡೀರಿ" ಅಂದರು ಇನ್ನೊಬ್ಬರು. ಗಿರ್ಮಿಟ್ ಅಂಗಡಿಯಲ್ಲಿ ಅದಕ್ಕೇನು ಕೊರತೆ! ಎರಡು ನಿಮಿಷ ಆಗಿರಬಹುದು, ಜಗ್ಗುವುದು ನಿಂತಿತು. "ನೋಡ್ರಿ, ಕಬ್ಬಿಣ ಹಿಡದ ಕೂಡ್ಲೆ ಹೆಂಗ ಬಿಟ್ಟತು!" ಉಳ್ಳಾಗಡ್ಡಿಯವರು ಮಾತ್ರ ಒಪ್ಪಲಿಲ್ಲ.

ನಿಜ ಹೇಳಬೇಕೆಂದರೆ ಇಬ್ಬರದೂ ಏನೂ ಇಲ್ಲ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು, ಮೂರು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ. ಆದರೆ ಕೀಲಿಕೈ ಅನ್ನುವ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಕಡೆ ಬೀಗಕ್ಕೆ ಕೀಲಿ ಅಂತಾರಲ್ವಾ, ಅಂಥ ಕೀಲಿಗಳು ಮಿದುಳಿನ ತುಂಬ ಇವೆ.

ಮಿದುಳಿನ ಮೇಲುಹೊದಿಕೆಗೆ ನಿಯೋಕಾರ್ಟೆಕ್ಸ್ ಅಂತ ಹೆಸರು. ದಪ್ಪ 2ರಿಂದ 4 ಮಿಲಿಮೀಟರ್, ಎರಡು ಜೋಳದ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು. ಅದರಲ್ಲೇ ಆರು ಪದರ. ಸುಕ್ಕು ಬಿಡಿಸಿ ಹರವಿದರೆ ಹೆಚ್ಚುಕಡಿಮೆ ದಿನಪತ್ರಿಕೆಯ ಒಂದು ಪುಟದಷ್ಟಾಗುತ್ತದೆ. ಇಷ್ಟರಲ್ಲಿ ಸುಮಾರು 1600 ಕೋಟಿ ನರಕೋಶಗಳು. ಮಾತು, ಲೆಕ್ಕ, ಪ್ಲೇಟು ಹಿಡಿಯುವ ಹದ, ಎಲ್ಲದಕ್ಕೂ ಈ ಹೊದಿಕೆ ಬೇಕು.

ಹೆಬ್ಬೆರಳಿನಿಂದ ಬಾಯಿಯವರೆಗೆ ಅದುರು ಹರಿದಿತ್ತಲ್ಲ, ಅಂಥದ್ದನ್ನು 19ನೇ ಶತಮಾನದಲ್ಲೇ ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಗಮನಿಸಿದ್ದ. ಮೈಯ ನಕ್ಷೆಯೊಂದು ಮಿದುಳಿನ ಮೇಲೆ ಇರಲೇಬೇಕು ಎಂದು ಅವನು ಊಹಿಸಿದ. ಮುಂದೆ ಮಾಂಟ್ರಿಯಲ್‌ನ ಶಸ್ತ್ರವೈದ್ಯ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ ತಂತಿಯಿಂದ ಮುಟ್ಟಿ ಮುಟ್ಟಿ ಆ ನಕ್ಷೆ ಬರೆದು 1937ರಲ್ಲಿ ಪ್ರಕಟಿಸಿದ. ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಸಾಧ್ಯವಾಯಿತು. ಆ ನಕ್ಷೆಯಲ್ಲಿ ಹೆಬ್ಬೆರಳಿನ ಪಕ್ಕದ ಮನೆಯೇ ಮುಖ! ಹುಡುಗನ ಬಲಮೈ ಆಳುವ ಎಡ ಮಿದುಳಿನಲ್ಲಿ ಬೆಂಕಿ ಹತ್ತಿದ್ದು ಓಣಿಯ ಒಂದು ಮನೆಗೆ, ಹರಡಿದ್ದು ಪಕ್ಕದ ಮನೆಗೆ.

ಹತ್ತಿದ್ದು ಯಾಕೆ? ಇಲ್ಲಿ ಕೀಲಿಗಳ ಕತೆ ಶುರು. ಒಂದು ನರಕೋಶ ಚೂರು ರಾಸಾಯನಿಕ ಚೆಲ್ಲುತ್ತದೆ. ಪಕ್ಕದ ಕೋಶದ ಮೈಮೇಲಿನ ಗ್ರಾಹಕಕ್ಕೆ (ರಿಸೆಪ್ಟರ್, ಇದೇ ನಾನು ಹೇಳಿದ ಕೀಲಿ) ಅದು ಕೀಲಿಕೈಯಂತೆ ಕೂತರೆ ಬಾಗಿಲು ತೆರೆಯುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕ ಕೂತರೆ ಸೋಡಿಯಂ ಒಳಗೆ ನುಗ್ಗಿ ಕೋಶ 'ಹೂಂ' ಎಂದು ಕೆರಳುತ್ತದೆ. ಗಾಬಾ ಎಂಬ ಇನ್ನೊಂದು ಕೂತರೆ ಕ್ಲೋರೈಡ್ ಒಳಬಂದು ಕೋಶ 'ಊಹೂಂ' ಎಂದು ಸುಮ್ಮನಾಗುತ್ತದೆ. ಹೊದಿಕೆಯ ಕೋಶಗಳಲ್ಲಿ ಐದರಲ್ಲೊಂದು ಮಾತ್ರ ಗಾಬಾ ಚೆಲ್ಲಿ ಊಹೂಂ ಅನ್ನಿಸುವ ಜಾತಿಯದು. ಆ ಹಿಡಿತ ಸಡಿಲಾದರೆ ಎಲ್ಲ ಕೋಶಗಳೂ ಒಂದೇ ತಾಳಕ್ಕೆ ಕೂಗತೊಡಗುತ್ತವೆ. ಫಿಟ್ಸ್ ಅಂದರೆ ಇದೇ.

ನನಗೆ ಇದರಲ್ಲಿ ಭಾಳ ಸೇರುವ ಸಂಗತಿ ಬೇರೆಯದೇ. ಗಾಬಾ ತಯಾರಾಗುವುದೇ ಗ್ಲುಟಮೇಟಿನಿಂದ! ಒಂದು ಕಿಣ್ವ ಅದರ ತುದಿ ಕತ್ತರಿಸಿದರೆ ಸಾಕು, ಹೂಂ ಹೋಗಿ ಊಹೂಂ ಆಗುತ್ತದೆ. ಆ ಕೆಲಸಕ್ಕೆ ಬಿ6 ಜೀವಸತ್ವ ಬೇಕು. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಒಂದು ಕಂಪನಿಯ ಡಬ್ಬಿ ಹಾಲು ಕುಡಿದ ಎಳೆಗೂಸುಗಳಿಗೆ ಫಿಟ್ಸ್ ಬಂತು. ಕಾಯಿಸುವಾಗ ಬಿ6 ಹಾಳಾಗಿತ್ತು. ಅದನ್ನು ಕೊಟ್ಟ ಮೇಲೆ ಮಕ್ಕಳು ಸುಧಾರಿಸಿದವು.

ಆಸ್ಪತ್ರೆಯಲ್ಲಿ ಫಿಟ್ಸ್ ನಿಲ್ಲಿಸಲು ಕೊಡುವ ಮಿಡಜೋಲಾಮ್, ಡಯಾಜೆಪಾಮ್ ಕೆಲಸ ಮಾಡುವುದೂ ಈ ಗಾಬಾ ಕೀಲಿಯ ಮೇಲೇ. ಇವು ಸ್ವತಃ ಬಾಗಿಲು ತೆರೆಯುವುದಿಲ್ಲ, ಕೀಲಿಗೆ ಎಣ್ಣೆ ಬಿಡುತ್ತವೆ. ಹೆಂಡವೂ ಅಲ್ಲೇ ಕೈಯಾಡಿಸುತ್ತದೆ. ದಿನಾ ಜಾಸ್ತಿ ಕುಡಿಯುವವನ ಮಿದುಳು ಆ ಎಣ್ಣೆಗೆ ಒಗ್ಗಿಹೋಗಿರುತ್ತದೆ. ಅವನು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ಫಿಟ್ಸ್ ಬರುವುದುಂಟು. ಅದಕ್ಕೇ ವೈದ್ಯರ ಕಣ್ಣಳತೆಯಲ್ಲಿ ಬಿಡಬೇಕು.

ಕೀಲಿಯೇ ಮಾಯವಾಗುವ ಕಾಯಿಲೆಯೂ ಇದೆ. ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕವನ್ನು ನಮ್ಮದೇ ಮೈಯ ರೋಗನಿರೋಧಕ ಶಕ್ತಿ ವೈರಿ ಅಂತ ತಿಳಿದು ಕಿತ್ತುಹಾಕುತ್ತದೆ. ಹೆಚ್ಚಾಗಿ ಎಳೆವಯಸ್ಸಿನ ಹೆಣ್ಣುಮಕ್ಕಳಿಗೆ ಬರುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದವಳು ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾಳೆ, ಹೆದರುತ್ತಾಳೆ, ಆಮೇಲೆ ಫಿಟ್ಸ್. ಮನೆಯವರು "ಗಾಳಿ ಸೋಕೇತಿ" ಅಂದರೆ ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ವೈದ್ಯಲೋಕಕ್ಕೇ ಇದರ ಗುಟ್ಟು ಗೊತ್ತಾದದ್ದು 2007ರಲ್ಲಿ, ಡಾಲ್ಮಾವ್ ಎಂಬ ನರವೈದ್ಯ ಮತ್ತವರ ಸಂಗಡಿಗರಿಂದ. ಬೇಗ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ.

ಮರೆವಿನ ಅಲ್‌ಝೈಮರ್ ಕಾಯಿಲೆಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ, ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ಡೋಪಮೈನ್ ಎಂಬುದರ ಲೆಕ್ಕ ತಪ್ಪುತ್ತದೆ. ಅವು ಇನ್ನೊಂದು ದಿನದ ಮಾತು.

ಹುಡುಗನ ಫಿಟ್ಸ್ ನಿಲ್ಲಿಸಿದ್ದು ಯಾರು ಹಾಗಾದರೆ? ಬಹುಶಃ ಬೆಂಕಿಯ ಬೂದಿಯೇ. ಕೋಶಗಳು ಹುಚ್ಚಾಪಟ್ಟೆ ದುಡಿದಾಗ ಅಡಿನೊಸಿನ್ ಎಂಬ ರಾಸಾಯನಿಕ ಶೇಖರವಾಗುತ್ತದೆ. ಅದು ತನ್ನ ಗ್ರಾಹಕಕ್ಕೆ ಕೂತು 'ಸಾಕು' ಅನ್ನುತ್ತದೆ. ನಾವು ಚಹಾ ಕುಡಿದು ನಿದ್ದೆ ಓಡಿಸುವುದೂ ಅದೇ ಗ್ರಾಹಕದ ಬಾಯಿ ಮುಚ್ಚಿಸಿ.

ಅವತ್ತು ನಾವು ಮಾಡಬೇಕಿದ್ದದ್ದು ಇಷ್ಟೇ: ಸುತ್ತ ಜಾಗ ಬಿಟ್ಟು, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡುವುದು. ಬಾಯಿಗೆ ಚಮಚ, ನೀರು ಏನೂ ಬೇಡ. 5 ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆ.

ಹತ್ತು ನಿಮಿಷಕ್ಕೆ ಹುಡುಗ ಎದ್ದು ಕೂತ, ಇನ್ನೂ ಮಂಕು ಕವಿದಂತಿದ್ದ. "ಎರಡ ದಿನಾ ಆತ್ರಿ, ಗುಳಿಗಿ ಮುಗದಿದ್ವು. ತರಾಕ ಆಗಿದ್ದಿಲ್ಲ" ಅಂದ. ಸ್ಕೂಟರಿನವನು ಎದುರಿಗೇ ಕಾಯುತ್ತ ನಿಂತಿದ್ದ. ಹುಡುಗ ನಿಧಾನಕ್ಕೆ ಮುಷ್ಟಿ ಬಿಚ್ಚಿ ನೋಡಿ ಕೇಳಿದ, "ಇದ ಯಾರ ಕೀಲಿಕೈ ರೀ?"