'ಜಾಣ ಮರಿ' ಎಂದರೆ ಯಾವ ಮಗು? ಚೀನೀ ಮಕ್ಕಳ ಪ್ರತಿಭೆಯನ್ನು ರೇಟಿಂಗ್ ಸ್ಕೇಲ್‌ನಲ್ಲಿ ಗುರುತಿಸುವುದು

ತಟ್ಟೆ ಖಾಲಿ ಮಾಡಿದ ಮಗುವಿಗೆ ನಾವು 'ಜಾಣ ಮರಿ' ಎನ್ನುತ್ತೇವೆ. ಅದರಲ್ಲಿ ಜಾಣತನ ಏನು ಬಂತು? ಹೇಳಿದ ಮಾತು ಕೇಳಿತು, ಅಷ್ಟೇ. ಚೀನೀ ಭಾಷೆಯ 'ಗ್ವಾಯ್' ಎಂಬ ಪದವೂ ಹೀಗೇ. ಮಾತು ಕೇಳುವ ಮಗುವಿಗೂ ಅದೇ, ಚುರುಕಾದ ಮಗುವಿಗೂ ಅದೇ. ಈ ಪದ ನೆನಪಿಟ್ಟುಕೊಂಡು ಮುಂದೆ ಓದಿ.

1978ರಲ್ಲಿ ಚೀನಾದ ಹೆಫೈ ನಗರದ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಹದಿಹರೆಯದ ಪ್ರತಿಭಾವಂತರಿಗೆ ಪ್ರತ್ಯೇಕ ತರಗತಿ ತೆರೆಯಿತು. ಅವರನ್ನು ಪರೀಕ್ಷೆ ಇಟ್ಟು ಆರಿಸಬಹುದು. ನಾಲ್ಕು ವರ್ಷದ ಮಗುವನ್ನು ಹಾಗೆ ಕೂರಿಸಿ ಬರೆಸಲು ಆಗುತ್ತದಾ? ಅದಕ್ಕೇ ದಿನವೂ ನೋಡುವ ಟೀಚರ್ ಕೈಗೆ ಮಗುವಿಗೆ ಅಂಕ ಹಾಕುವ ಒಂದು ಫಾರ್ಮ್ ಕೊಡುವುದು, ಅದೇ ರೇಟಿಂಗ್ ಸ್ಕೇಲ್.

ಅಮೆರಿಕದಲ್ಲಿ 2003ರಲ್ಲಿ ಬಂದ 'ಗಿಫ್ಟೆಡ್ ರೇಟಿಂಗ್ ಸ್ಕೇಲ್ಸ್' ಅಂಥದ್ದು. ಇದರ ಪ್ರಿಸ್ಕೂಲ್ ಫಾರ್ಮ್‌ನಲ್ಲಿ ಐದು ಭಾಗಗಳು: ಬುದ್ಧಿಶಕ್ತಿ, ಕಲಿಕೆ, ಸೃಜನಶೀಲತೆ, ಕಲೆ, ಹಟ ಹಿಡಿದು ಮಾಡುವ ಉತ್ಸಾಹ. ಪ್ರತಿ ಭಾಗದಲ್ಲಿ 12 ಹೇಳಿಕೆ, ಪ್ರತಿ ಹೇಳಿಕೆಗೆ 1ರಿಂದ 9ರವರೆಗೆ ಅಂಕ. ಅಂದರೆ ಒಂದು ಭಾಗಕ್ಕೆ ಜಾಸ್ತಿ ಎಂದರೆ 108. ಇದರ ಚೀನೀ ಅನುವಾದವನ್ನು ಹಾಂಗ್‌ಕಾಂಗ್‌ನ ಶಿಶುವಿಹಾರದ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ.

ನನಗೆ ಮೊದಲು ತಲೆಗೆ ಹೋಗದಿದ್ದದ್ದು ಟಿ-ಸ್ಕೋರ್. ಬಂದ ಅಂಕವನ್ನು ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿದರೆ ಸಿಗುವುದೇ ಇದು. ಸರಾಸರಿ 50, ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಎಂಬ ಅಳತೆ) 10. 60 ಬಂದರೆ ಮಗು ಸುಮಾರು ಮೇಲಿನ 16% ಒಳಗೆ, 70 ಬಂದರೆ ಮೇಲಿನ 2% ಒಳಗೆ. ಯಾರ ಜೊತೆ ಹೋಲಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಂಗ್‌ಕಾಂಗ್ ಮಗುವನ್ನು ಅಮೆರಿಕದ ಮಕ್ಕಳ ಪಟ್ಟಿಯಲ್ಲಿಟ್ಟು ನೋಡಿದರೆ 60 ಎಂಬ ಅಂಕಿಗೆ ಅರ್ಥವೇ ಬದಲಾಗುತ್ತದೆ. ಆದ್ದರಿಂದ ಬರೀ ಅನುವಾದ ಸಾಲದು, ಅಲ್ಲಿನ ಮಕ್ಕಳದೇ ಅಂಕಿಪಟ್ಟಿಯೂ ಬೇಕು.

ಇನ್ನು 'ಹಾಲೋ ಎಫೆಕ್ಟ್'. ಒಂದು ಗುಣ ಹಿಡಿಸಿದರೆ ಉಳಿದ ಗುಣಗಳಿಗೂ ಟೀಚರ್ ಧಾರಾಳವಾಗಿ ಅಂಕ ಹಾಕುವುದು. ಐದೂ ಭಾಗಗಳ ಅಂಕ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ನನಗಂತೂ ಅನುಮಾನ ಬರುತ್ತದೆ. ಇಲ್ಲಿ ಮತ್ತೆ 'ಗ್ವಾಯ್' ಬಂತು ನೋಡಿ. ಸುಮ್ನೆ ಕೂತು ಚಂದವಾಗಿ ಅಕ್ಷರ ತಿದ್ದುವ ಮಗುವಿಗೆ ಬುದ್ಧಿಶಕ್ತಿಯಲ್ಲೂ 8 ಬೀಳಬಹುದು. 'ಯಾಕೆ, ಯಾಕೆ' ಎಂದು ಪಾಠ ನಿಲ್ಲಿಸುವ ಮಗು ತುಂಟ ಎನಿಸಿ 4ಕ್ಕೆ ಇಳಿಯಬಹುದು.

ಫಾರ್ಮ್‌ನಲ್ಲಿ ಜಾಸ್ತಿ ಅಂಕ ಬಂದ ಮಕ್ಕಳನ್ನೇ ಮುಂದಿನ ಐಕ್ಯೂ (ಬುದ್ಧಿಮತ್ತೆ) ಪರೀಕ್ಷೆಗೆ ಕಳಿಸುವುದು. ಮೊದಲನೆಯ ತಪ್ಪು ಅಲ್ಲಿ ಗೊತ್ತಾಗುತ್ತದೆ. ಎರಡನೆಯದು ಗೊತ್ತಾಗುವುದೇ ಇಲ್ಲ, ಆ ಮಗುವನ್ನು ಪರೀಕ್ಷೆಗೆ ಕಳಿಸಿದ್ದರೆ ತಾನೇ! ಹಾಗಾಗಿ ಮೊದಲ ಸುತ್ತಿನಲ್ಲಿ, ಪರೀಕ್ಷೆಗೆ ಕಳಿಸುವ ಗೆರೆಯನ್ನು ಟಿ-ಸ್ಕೋರ್ 60ರ ಬದಲು 55ಕ್ಕೆ ಎಳೆದು, ಅಪ್ಪ ಅಮ್ಮನನ್ನೂ ಒಂದು ಮಾತು ಕೇಳುವುದು ವಾಸಿ.