ಇನ್ಫೋಮರ್ಷಿಯಲ್: ಗಾಲ್ಫ್ ಸಲಕರಣೆಗಳ ಅರ್ಧ ಗಂಟೆಯ ಜಾಹೀರಾತು

ಇನ್ಫರ್ಮೇಷನ್ ಮತ್ತು ಕಮರ್ಷಿಯಲ್ ಎಂಬ ಎರಡು ಪದಗಳ ಬೆಸುಗೆಯಿಂದ ಹುಟ್ಟಿದ ‘ಇನ್ಫೋಮರ್ಷಿಯಲ್’, ನೋಡಲು ಟಿವಿ ಕಾರ್ಯಕ್ರಮದಂತಿದ್ದು, ಮೊದಲಿನಿಂದ ಕೊನೆಯವರೆಗೆ ಒಂದೇ ಸರಕನ್ನು ಮಾರುವ ದೀರ್ಘ ಜಾಹೀರಾತಿನ ಹೆಸರು. ಟಿವಿ ಜಾಹೀರಾತಿನ ಅವಧಿಗೆ ಇದ್ದ ಮಿತಿಯನ್ನು ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 1984ರಲ್ಲಿ ತೆಗೆದುಹಾಕಿದ ಮೇಲೆ ಈ ಪ್ರಕಾರ ಅಲ್ಲಿ ಬೇರೂರಿತು. 1995ರಲ್ಲಿ ಗಾಲ್ಫ್ ಚಾನೆಲ್ ಆರಂಭವಾದಾಗ, ಗಾಲ್ಫ್ ಸಲಕರಣೆ ಮಾರುವವರಿಗೆ ತಮ್ಮ ಗಿರಾಕಿಗಳೇ ಕುಳಿತು ನೋಡುವ ವಾಹಿನಿಯೊಂದು ದೊರೆಯಿತು.

ಇಂಥ ಜಾಹೀರಾತಿನಲ್ಲಿ ಬೆಲೆಯನ್ನು ಹೇಳುವ ರೀತಿಯನ್ನು ಗಮನಿಸಬೇಕು. ಪರದೆಯ ಮೇಲೆ ದೊಡ್ಡದಾಗಿ ಕಾಣುವ 39.95 ಡಾಲರ್ ಪೂರ್ತಿ ಬೆಲೆಯಾಗಿರದೆ ಮೂರು ಕಂತುಗಳಲ್ಲಿ ಒಂದಾಗಿದ್ದರೆ, ಕೊಳ್ಳುವವನು ಒಟ್ಟು 119.85 ಡಾಲರ್ ತೆರಬೇಕಾಗುತ್ತದೆ. ಸಾಗಣೆ ವೆಚ್ಚ ಅದರ ಮೇಲೆ ಬೇರೆ. ನಡುವೆ ಉಚಿತವೆಂದು ಸೇರಿಸುವ ಡಿವಿಡಿ, ಕೈಗವಸುಗಳೆಲ್ಲ ಈ ಲೆಕ್ಕವನ್ನು ಮರೆಸುವುದಕ್ಕೇ ಇರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮಾರಾಟಕ್ಕೆ ಗಾಲ್ಫ್ ಇಷ್ಟು ಚೆನ್ನಾಗಿ ಒಗ್ಗಿರುವುದಕ್ಕೆ ಆಟದ ಸ್ವಭಾವವೇ ಕಾರಣ. ಎಷ್ಟೇ ಸಾಧಾರಣ ಆಟಗಾರನಾದರೂ ಒಂದು ಸುತ್ತಿನಲ್ಲಿ ಒಂದೆರಡು ಹೊಡೆತಗಳನ್ನು ಅಚ್ಚುಕಟ್ಟಾಗಿ ಹೊಡೆದೇ ಇರುತ್ತಾನೆ. ಆ ಹೊಡೆತ ತನ್ನಲ್ಲೇ ಇದೆ, ಅದನ್ನು ಹೊರತರುವ ಸಾಧನವೊಂದೇ ಬೇಕು ಎಂಬ ನಂಬಿಕೆ ಅವನನ್ನು ಬಿಡುವುದಿಲ್ಲ. ತೀರಾ ಕೆಟ್ಟದಾಗಿ ಆಡಿದ ದಿನವೇ ಅವನು ಸಾಧನವನ್ನು ತರಿಸಿಕೊಂಡರೆ, ಮುಂದಿನ ಸುತ್ತು ಏನೂ ಮಾಡದಿದ್ದರೂ ಬಹುಮಟ್ಟಿಗೆ ಅದಕ್ಕಿಂತ ಉತ್ತಮವಾಗಿಯೇ ಇರುತ್ತಿತ್ತು. ಆದರೆ ಶ್ರೇಯಸ್ಸೆಲ್ಲ ಸಾಧನಕ್ಕೆ ಸಲ್ಲುತ್ತದೆ.

ಹೀಗೆಂದು ಟಿವಿಯಲ್ಲಿ ಮಾರುವುದೆಲ್ಲ ಪೊಳ್ಳೆಂದು ತೀರ್ಮಾನಿಸುವುದು ನ್ಯಾಯವಲ್ಲ. ಗಾಲ್ಫ್ ಚೆಂಡನ್ನು ಹೊಡೆಯುವ ಕೋಲಿಗೆ ಕ್ಲಬ್ ಎನ್ನುತ್ತಾರೆ; ಮೆಡಿಕಸ್ ಎಂಬ ಅಭ್ಯಾಸದ ಕ್ಲಬ್‌ನ ಹಿಡಿಕೋಲಿನಲ್ಲಿ ಕೀಲು ಇರುತ್ತದೆ. ಬೀಸು ದಾರಿ ತಪ್ಪಿದ ಕ್ಷಣವೇ ಕೋಲು ಕೀಲಿನಲ್ಲಿ ಮಡಚಿಕೊಂಡು, ತಪ್ಪು ಎಲ್ಲಾಯಿತೆಂಬುದನ್ನು ಕೈಗೇ ತಿಳಿಸುತ್ತದೆ. ಆಡಮ್ಸ್ ಗಾಲ್ಫ್ ಕಂಪನಿಯ ಟೈಟ್ ಲೈಸ್ ಎಂಬ ಫೇರ್‌ವೇ ವುಡ್ (ಹುಲ್ಲಿನ ಮೇಲಿರುವ ಚೆಂಡನ್ನು ದೂರಕ್ಕೆ ಹೊಡೆಯುವ ಕ್ಲಬ್) ಕೂಡ 1990ರ ದಶಕದ ಕೊನೆಯಲ್ಲಿ ಇನ್ಫೋಮರ್ಷಿಯಲ್ ಮೂಲಕವೇ ಮನೆಮಾತಾಯಿತು, ಮತ್ತು ಅದು ಪಂದ್ಯದಲ್ಲೇ ಬಳಸುವ ಕ್ಲಬ್ ಆಗಿತ್ತು. ಕೀಲಿನ ಕ್ಲಬ್‌ಗೆ ಆ ಅವಕಾಶವಿಲ್ಲ: ನಿಯಮಕ್ಕೆ ಒಪ್ಪದ ಕ್ಲಬ್‌ನಿಂದ ಪಂದ್ಯದಲ್ಲಿ ಒಂದು ಹೊಡೆತ ಹೊಡೆದರೂ ಗಾಲ್ಫ್ ನಿಯಮಾವಳಿಯಂತೆ ಆಟಗಾರ ಅನರ್ಹನಾಗುತ್ತಾನೆ.